ಬೇಸಿಗೆಯಲ್ಲಿ ಕಾರ್ ಚಾರ್ಜಿಂಗ್ ಅರ್ಧಕ್ಕೇ ನಿಲ್ಲುತ್ತಿದೆಯೇ? ಎಂಸಿಬಿ ಬದಲಿಸುವ ಮುನ್ನ ಇದನ್ನು ಓದಿ

"ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದ್ದೆ, ಬೆಳಿಗ್ಗೆ ನೋಡಿದ್ರೆ 40 ಪರ್ಸೆಂಟ್‌ಗೇ ನಿಂತಿದೆ. ಯಾರಿಗಾದ್ರೂ ಹೀಗಾಗಿದ್ಯಾ?"

ಏಪ್ರಿಲ್ ಹೊತ್ತಿಗೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆ ಎಲೆಕ್ಟ್ರಿಕ್ ಕಾರ್ ಇಟ್ಟುಕೊಂಡವರ ನಡುವೆ ಕೇಳಿಬರುವ ಪ್ರಶ್ನೆ ಇದು. ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿರುತ್ತವೆ. ಒಂದು: "ಈ ಬಿಸಿಲಿಗೆ ಬ್ಯಾಟರಿ ಚಾರ್ಜ್ ತಗೊಳ್ಳಲ್ಲ." ಎರಡು: "16 ಆಂಪ್ಸ್ ಎಂಸಿಬಿ ತೆಗೆಸಿ 32 ಹಾಕಿಸಿ." ಮೂರು: "ಅರ್ಥ್ ಬೈಪಾಸ್ ಪ್ಲಗ್ ಸಿಗುತ್ತೆ, ಅದನ್ನ ಹಾಕಿದ್ರೆ ಆಯ್ತು."

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಮನೆಗೆ ಬೆಂಕಿ ಹಚ್ಚಬಹುದು. ಮೂರನೆಯದು ಜೀವ ತೆಗೆಯಬಹುದು. ಹಾಗಾದರೆ ಚಾರ್ಜಿಂಗ್ ನಿಲ್ಲುವುದೇಕೆ, ಮಾಡಬೇಕಾದ್ದೇನು? ಒಂದೊಂದಾಗಿ ನೋಡೋಣ.

ಬೆಂಗಳೂರಿನ ಬಿಸಿಲಿಗೆ ಬ್ಯಾಟರಿ ಸೋಲುತ್ತದೆಯೇ?

ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಹೆಚ್ಚಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್. ಅದು 2016ರ ಏಪ್ರಿಲ್‌ನಲ್ಲಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿ ಮುಟ್ಟಿತ್ತು. ಲಿಥಿಯಂ ಬ್ಯಾಟರಿಯ ಕೋಶಗಳನ್ನು ಸಾಮಾನ್ಯವಾಗಿ ಸುಮಾರು 45 ಡಿಗ್ರಿವರೆಗೆ ಚಾರ್ಜ್ ಮಾಡಬಹುದು. ಅಂದರೆ ಹೊರಗಿನ ಸೆಕೆಯೊಂದೇ ಚಾರ್ಜಿಂಗ್ ನಿಲ್ಲಿಸುವಷ್ಟಿಲ್ಲ. ರಾತ್ರಿಯಂತೂ ಇನ್ನೂ ತಂಪು.

ಮನೆಯ ಚಾರ್ಜಿಂಗ್ ನಿಧಾನದ್ದು ಎಂಬುದೂ ಇಲ್ಲಿ ಮುಖ್ಯ. 230 ವೋಲ್ಟ್, 15 ಆಂಪ್ಸ್ ಎಂದರೆ ಸುಮಾರು 3.3 ಕಿಲೋವ್ಯಾಟ್. 30 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಲು ಹತ್ತು ಗಂಟೆ ಬೇಕು. ಇಷ್ಟು ನಿಧಾನಕ್ಕೆ ಒಳಹೋಗುವ ಕರೆಂಟಿನಿಂದ ಬ್ಯಾಟರಿ ಹೆಚ್ಚು ಕಾಯುವುದಿಲ್ಲ.

ಆದರೆ ಇಡೀ ದಿನ ಬಯಲು ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ನಿಂತು, ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಓಡಿ ಬಂದ ಕಾರನ್ನು ಆ ಕ್ಷಣವೇ ಚಾರ್ಜ್‌ಗೆ ಹಾಕಿದರೆ ಕಥೆ ಬೇರೆ. ಆಗ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಕರೆಂಟನ್ನು ತಗ್ಗಿಸಬಹುದು, ತಂಪು ಮಾಡುವ ವ್ಯವಸ್ಥೆಯಿದ್ದರೆ ಅದನ್ನು ಓಡಿಸಬಹುದು. ಒಂದು ಗಂಟೆ ಬಿಟ್ಟು ಹಾಕಿ, ಅಥವಾ ಆ್ಯಪ್‌ನಲ್ಲಿ ರಾತ್ರಿ 11ರ ನಂತರಕ್ಕೆ ಸಮಯ ಹೊಂದಿಸಿ. ಅಷ್ಟಕ್ಕೂ ಸರಿಹೋಗದಿದ್ದರೆ ಕಾರನ್ನು ಬಿಟ್ಟು ಗೋಡೆಯ ಕಡೆ ನೋಡಬೇಕು.

ಎಷ್ಟು ಹೊತ್ತಿಗೆ ನಿಂತಿತು?

ಇದೇ ಮೊದಲ ಸುಳಿವು. ಪ್ಲಗ್ ಹಾಕಿದ ಕೂಡಲೇ ನಿಂತರೆ ಅರ್ಥಿಂಗ್ ನೋಡಿ. ಅರ್ಧ ಗಂಟೆಯೋ ಎರಡು ಗಂಟೆಯೋ ಚೆನ್ನಾಗಿ ನಡೆದು ನಿಂತರೆ ಎಲ್ಲೋ ಬಿಸಿಯಾಗುತ್ತಿದೆ. ಸಂಜೆ ಮಾತ್ರ ನಿಂತರೆ, ಅಥವಾ ಕರೆಂಟ್ ಹೋಗಿ ಬಂದಾಗ ನಿಂತರೆ ಸರಬರಾಜಿನ ಸಮಸ್ಯೆ. ಮಳೆ ಬಂದ ಮೇಲೆ ನಿಂತರೆ ತೇವ. ಕಾರಿನ ಆ್ಯಪ್‌ನಲ್ಲಿ ನಿಂತ ಸಮಯ ಇರುತ್ತದೆ. ಚಾರ್ಜರ್ ಪೆಟ್ಟಿಗೆಯಲ್ಲಿ ಯಾವ ದೀಪ ಕೆಂಪಾಗಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ, ಎಲೆಕ್ಟ್ರೀಷಿಯನ್ ಬಂದಾಗ ಬೇಕಾಗುತ್ತದೆ.

ಸ್ವಲ್ಪ ಹೊತ್ತು ನಡೆದು ನಿಂತರೆ: ಪ್ಲಗ್ ಮತ್ತು ಸಾಕೆಟ್

ಮನೆಯ 15 ಆಂಪ್ಸ್ ಪ್ಲಗ್‌ನಲ್ಲಿ ಕಾರ್ ಚಾರ್ಜ್ ಮಾಡುವುದು ಬೆಂಗಳೂರಿಗೆ ಹೊಸದಲ್ಲ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ಪುಟ್ಟ 'ರೇವಾ' ಹೀಗೇ ಚಾರ್ಜ್ ಆಗುತ್ತಿತ್ತು. ಆದರೆ ಅದರ ಬ್ಯಾಟರಿ ಚಿಕ್ಕದು. ಇಂದಿನ ಕಾರುಗಳು ಅಂಥದೇ ಸಾಕೆಟ್‌ನಿಂದ ಅದರ ಮೂರು-ನಾಲ್ಕು ಪಟ್ಟು ವಿದ್ಯುತ್ ಕೇಳುತ್ತವೆ.

ಅದೇ ಸಾಕೆಟ್‌ನಲ್ಲಿ ಗೀಸರ್ ಇಪ್ಪತ್ತು ನಿಮಿಷ ಓಡುತ್ತದೆ. ಕಾರ್ ಎಂಟು-ಹತ್ತು ಗಂಟೆ, ಒಂದೇ ಸಮನೆ 15 ಆಂಪ್ಸ್ ಎಳೆಯುತ್ತದೆ. ಸಾಕೆಟ್ ಹಳೆಯದಾಗಿ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿದ್ದರೆ, ಅಥವಾ ಹಿಂಬದಿಯ ಸ್ಕ್ರೂ ಬಿಗಿಯಿಲ್ಲದಿದ್ದರೆ, ಅಲ್ಲಿ ಬರೀ 0.1 ಓಮ್ ರೋಧ ಇದ್ದರೂ ಸಾಕು, 22.5 ವ್ಯಾಟ್ ಶಾಖ ಹುಟ್ಟುತ್ತದೆ. ಮೊಬೈಲ್ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ ಸುಮಾರು 25 ವ್ಯಾಟ್‌ನದು. ಅಂಥದ್ದೊಂದನ್ನು ಪ್ಲಾಸ್ಟಿಕ್ ಸಾಕೆಟ್ ಒಳಗೆ ರಾತ್ರಿಯಿಡೀ ಇಟ್ಟಂತಾಯಿತು. ಬೇಸಿಗೆಯಲ್ಲಿ ಗೋಡೆಯೇ ಕಾದಿರುವುದರಿಂದ ಆ ಶಾಖ ಹೊರಹೋಗುವುದು ಇನ್ನೂ ನಿಧಾನ.

ಇಲ್ಲಿ ಗಮನಿಸಬೇಕಾದ್ದು: ಇದನ್ನು ಎಂಸಿಬಿ ಹಿಡಿಯುವುದಿಲ್ಲ. ಕರೆಂಟ್ 15 ಆಂಪ್ಸ್ ಮೀರಿಲ್ಲವಲ್ಲ! ಎಷ್ಟೋ ಚಾರ್ಜರ್‌ಗಳ ಪ್ಲಗ್‌ನಲ್ಲಿರುವ ಪುಟ್ಟ ತಾಪ ಸಂವೇದಕ ಇದನ್ನು ಗುರುತಿಸಿ ಚಾರ್ಜಿಂಗ್ ನಿಲ್ಲಿಸುತ್ತದೆ. ಅದು ಕೆಟ್ಟಿರುವುದಲ್ಲ, ಕೆಲಸ ಮಾಡಿರುವುದು.

ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್‌ನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಸಾಕೆಟ್ ಕಂದುಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ ಅದನ್ನು ಬಳಸಲೇಬೇಡಿ. ಸಾಕೆಟ್ ಬದಲಿಸುವವರೆಗೆ ಬೇರೆಡೆ ಚಾರ್ಜ್ ಮಾಡಿ. ಎಕ್ಸ್‌ಟೆನ್ಷನ್ ಬೋರ್ಡ್ ಸೇರಿಸಿದರೆ ಸಡಿಲವಾಗಬಹುದಾದ ಜಾಗಗಳು ಹೆಚ್ಚಾಗುತ್ತವೆ ಅಷ್ಟೇ.

ನಿಮ್ಮ ಕಾರ್ ಅಥವಾ ಚಾರ್ಜರ್‌ನಲ್ಲಿ ಕರೆಂಟ್ ತಗ್ಗಿಸುವ ಆಯ್ಕೆ ಇದ್ದರೆ ಬೇಸಿಗೆಯಲ್ಲಿ ಬಳಸಿ. 15ರಿಂದ 10 ಆಂಪ್ಸ್‌ಗೆ ಇಳಿಸಿದರೆ ಶಾಖ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಶಾಖ ಹೆಚ್ಚುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ.

ಎಂಸಿಬಿಯೇ ಬೀಳುತ್ತಿದ್ದರೆ?

ಎಂಸಿಬಿಯೊಳಗೆ ಕಾದರೆ ಬಾಗುವ ಲೋಹದ ಪಟ್ಟಿಯೊಂದಿದೆ. ಮನೆಬಳಕೆಯ ಎಂಸಿಬಿ ಮೇಲೆ ಬರೆದ '16' ಎಂಬುದು 30 ಡಿಗ್ರಿ ತಾಪಮಾನಕ್ಕೆ ಹೊಂದಿಸಿದ ಲೆಕ್ಕ. ಪಶ್ಚಿಮದ ಗೋಡೆಯ ಮೇಲೆ, ಬಿಸಿಲು ಬೀಳುವ ತಗಡಿನ ಡಬ್ಬಿಯಲ್ಲಿ ಅದು ಕೂತಿದ್ದರೆ ಒಳಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಪಟ್ಟಿ ಮೊದಲೇ ಅರ್ಧ ಬಾಗಿರುತ್ತದೆ. ಗಂಟೆಗಟ್ಟಲೆ 15 ಆಂಪ್ಸ್ ಹರಿದರೆ ಬಿದ್ದುಬಿಡುತ್ತದೆ.

32 ಹಾಕಿದರೆ ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಎಂಸಿಬಿ ಇರುವುದು ಕಾರನ್ನು ಕಾಯಲು ಅಲ್ಲ, ಗೋಡೆಯೊಳಗಿನ ವೈರನ್ನು ಕಾಯಲು. ಸಾಮಾನ್ಯ 2.5 ಚದರ ಮಿಲಿಮೀಟರ್ ವೈರ್ 32 ಆಂಪ್ಸ್‌ಗೆ ಮಾಡಿದ್ದಲ್ಲ. ಮುಂದೊಂದು ದಿನ ಅದೇ ಲೈನಿಗೆ ಪಂಪೋ ಗೀಸರೋ ಸೇರಿದರೆ ವೈರ್ ಕಾದು ಹೊದಿಕೆ ಕರಗುತ್ತದೆ, ಎಂಸಿಬಿ ಸುಮ್ಮನೆ ನೋಡುತ್ತಿರುತ್ತದೆ.

ಸರಿಯಾದ ದಾರಿ ಎಂದರೆ ಡಬ್ಬಿಗೆ ನೆರಳು ಮತ್ತು ಗಾಳಿ ಕೊಡುವುದು, ಸ್ಕ್ರೂಗಳನ್ನು ಬಿಗಿ ಮಾಡಿಸುವುದು, ಕಾರಿಗೆಂದೇ ಮೀಟರ್‌ನಿಂದ ಪ್ರತ್ಯೇಕ ಲೈನ್ ಎಳೆಸುವುದು. 15 ಆಂಪ್ಸ್ ಚಾರ್ಜರ್‌ಗೆ 4 ಚದರ ಮಿಲಿಮೀಟರ್, 7.2 ಕಿಲೋವ್ಯಾಟ್ ವಾಲ್ ಬಾಕ್ಸ್‌ಗೆ ಕನಿಷ್ಠ 6 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿ. ಮೀಟರ್ ರೂಮಿನಿಂದ ಬೇಸ್‌ಮೆಂಟ್ ದೂರವಿದ್ದರೆ ಇನ್ನೂ ದಪ್ಪನೆಯದು ಬೇಕಾಗಬಹುದು.

ಹಾಕಿದ ಕೂಡಲೇ ನಿಂತರೆ: ಅರ್ಥಿಂಗ್

ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರ್ ಚಾರ್ಜರ್‌ಗಳು ಕೆಲಸ ಶುರುಮಾಡುವುದಿಲ್ಲ. ಮಳೆಗಾಲದಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಏಕೆ ಕೆಡುತ್ತದೆ? ಮಣ್ಣು ಒಣಗುವುದರಿಂದ. ಒಣಮಣ್ಣಿನಲ್ಲಿ ಕರೆಂಟ್ ಹರಿಯುವುದು ಕಷ್ಟ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಬೇಕು ಎಂದು ಹಳೆಯ ಎಲೆಕ್ಟ್ರೀಷಿಯನ್‌ಗಳು ಹೇಳುವುದು ಇದಕ್ಕೇ. ಬೋರ್‌ವೆಲ್ ಬತ್ತಿದ ಲೇಔಟ್‌ಗಳಲ್ಲಿ ಆ ಗುಂಡಿ ಮರೆತೇಹೋಗಿರುತ್ತದೆ.

'ಬೈಪಾಸ್ ಪ್ಲಗ್' ಮಾಡುವುದೇನು? ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿ, ಅರ್ಥಿಂಗ್ ಇದೆ ಎಂದು ಚಾರ್ಜರ್‌ಗೆ ಸುಳ್ಳು ಹೇಳುತ್ತದೆ. ಕಾರಿನ ಲೋಹದ ಮೈಗೆ ಸೇರುವುದು ಅದೇ ಅರ್ಥ್ ವೈರ್. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದುಹೋದರೆ, ಅಥವಾ ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ, ಕಾರಿನ ಬಾಡಿಗೇ 230 ವೋಲ್ಟ್ ಬರಬಹುದು. ಬರಿಗಾಲಲ್ಲಿ ಕಾರ್ ತೊಳೆಯುವವರು, ಬಾಗಿಲು ಮುಟ್ಟುವ ಮಗು ಅದಕ್ಕೆ ಬಲಿಯಾಗಬಹುದು.

ಅರ್ಥಿಂಗ್ ಗುಂಡಿಯನ್ನು ಪರೀಕ್ಷೆ ಮಾಡಿಸಿ, ನೀರು ಹಾಕಿಸಿ, ಅಗತ್ಯವಿದ್ದರೆ ಹೊಸದು ತೋಡಿಸಿ. ಕಾರಿನ ಲೈನಿಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ ಇರಲೇಬೇಕು. ಯಾವ ಬಗೆಯದು ಎಂಬುದು ಚಾರ್ಜರ್ ಕೈಪಿಡಿಯಲ್ಲಿರುತ್ತದೆ.

ಸಂಜೆ, ಕರೆಂಟ್ ಹೋದಾಗ, ಮಳೆ ಬಂದಾಗ

ಸಂಜೆ ಎಲ್ಲರ ಮನೆಯ ಎಸಿ ಒಟ್ಟಿಗೆ ಓಡಿದಾಗ ವೋಲ್ಟೇಜ್ ಇಳಿಯುತ್ತದೆ. ಉದ್ದನೆಯ ತೆಳು ವೈರ್ ಅದನ್ನು ಇನ್ನಷ್ಟು ಇಳಿಸುತ್ತದೆ. ಮೀಟರ್‌ನಿಂದ 60 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ವೈರ್ ಎಳೆದಿದ್ದರೆ 15 ಆಂಪ್ಸ್‌ಗೆ ಸುಮಾರು 13 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಮಧ್ಯರಾತ್ರಿಯ ಮೇಲೆ ಚಾರ್ಜ್ ಮಾಡಿದರೆ ಸರಿಹೋಗುತ್ತದೆಯೇ ನೋಡಿ. ಇಡೀ ಬೀದಿಯಲ್ಲೇ ವೋಲ್ಟೇಜ್ ಕಡಿಮೆಯಿದ್ದರೆ ಬೆಸ್ಕಾಂನ 1912 ಸಹಾಯವಾಣಿಗೆ ದೂರು ಕೊಡಿ. ಬಿಲ್‌ನಲ್ಲಿರುವ ಮಂಜೂರಾದ ಲೋಡ್ ಕೂಡ ನೋಡಿ. ಕಾರಿನ 3.3 ಕಿಲೋವ್ಯಾಟ್ ಅದರಲ್ಲಿ ಹಿಡಿಸದಿದ್ದರೆ ಲೋಡ್ ಹೆಚ್ಚಿಸಿಕೊಳ್ಳಬೇಕು.

ಕರೆಂಟ್ ಹೋಗಿ ಅಪಾರ್ಟ್‌ಮೆಂಟ್ ಜನರೇಟರ್ ಶುರುವಾದಾಗ ಎಷ್ಟೋ ಕಡೆ ಫ್ಲ್ಯಾಟ್‌ಗೆ ಸಿಗುವ ಲೋಡ್ ಕಾರಿಗೆ ಸಾಲದು. ಚಾರ್ಜಿಂಗ್ ನಿಲ್ಲುವುದು ಸಹಜ. ಏಪ್ರಿಲ್-ಮೇ ಸಂಜೆಯ ಗುಡುಗು ಮಳೆಯ ನಂತರ ಆರ್‌ಸಿಸಿಬಿ ಬಿದ್ದರೆ, ಗನ್ ಅಥವಾ ಸಾಕೆಟ್‌ಗೆ ನೀರು ಸೇರಿದೆಯೇ ನೋಡಿ. ಪೂರ್ತಿ ಒಣಗುವವರೆಗೆ ಮತ್ತೆ ಮತ್ತೆ ಸ್ವಿಚ್ ಎತ್ತಬೇಡಿ.

ಕೊನೆಯದಾಗಿ

ಚಾರ್ಜಿಂಗ್ ನಿಂತಿತೆಂದರೆ ಬಹುತೇಕ ಯಾವುದೋ ಒಂದು ರಕ್ಷಣೆ ತನ್ನ ಕೆಲಸ ಮಾಡಿದೆ ಎಂದೇ ಅರ್ಥ. ಅದು ಯಾವುದು, ಏಕೆ ಎಂದು ಹುಡುಕಿ ಸರಿಪಡಿಸಿದರೆ ಸಮಸ್ಯೆ ಮುಗಿಯುತ್ತದೆ. ರಕ್ಷಣೆಯನ್ನೇ ಕಿತ್ತುಹಾಕಿದರೆ ಸಮಸ್ಯೆ ಹಾಗೇ ಇರುತ್ತದೆ, ಎಚ್ಚರಿಸುವವರು ಮಾತ್ರ ಇರುವುದಿಲ್ಲ. ದೊಡ್ಡ ಎಂಸಿಬಿ, ಬೈಪಾಸ್ ಪ್ಲಗ್ ಹಾಕಿ ಎನ್ನುವ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಅದು ಏಕೆ ಅಪಾಯ ಎಂದು ತಿಳಿಸಿ.