ಶುಶ್ರೂಷಕರ ನೋಂದಣಿ ನವೀಕರಣ (ಕರ್ನಾಟಕ)

ಶುಶ್ರೂಷಕರ ನೋಂದಣಿ ನವೀಕರಣ ಎಂದರೆ, ರಾಜ್ಯ ಶುಶ್ರೂಷಾ ಪರಿಷತ್ತಿನ ವಹಿಯಲ್ಲಿ ಹೆಸರು ದಾಖಲಾಗಿರುವ ನರ್ಸ್, ಸೂತಿ ಶುಶ್ರೂಷಕಿ, ಎ.ಎನ್.ಎಂ. ಹಾಗೂ ಆರೋಗ್ಯ ಸಂದರ್ಶಕಿಯರು ನಿಗದಿತ ಅವಧಿಗೊಮ್ಮೆ ಆ ದಾಖಲೆಯನ್ನು ಊರ್ಜಿತವಾಗಿ ಉಳಿಸಿಕೊಳ್ಳುವ ಕ್ರಮ. ಆಡುಮಾತಿನಲ್ಲಿ ಇದನ್ನು 'ಲೈಸೆನ್ಸ್ ರಿನೀವಲ್' ಎನ್ನುವರು. ಕರ್ನಾಟಕದಲ್ಲಿ ಈ ಕಾರ್ಯವನ್ನು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು ನಿರ್ವಹಿಸುತ್ತದೆ. ನವೀಕರಣದ ಅವಧಿ ಐದು ವರ್ಷ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತಹ ದೂರದ ತಾಲೂಕುಗಳಲ್ಲಿ ದುಡಿಯುವವರಿಗೆ ಈ ಕ್ರಮದ ನಿಯಮಗಳಷ್ಟೇ ಅದರ ತೊಡಕುಗಳೂ ಮುಖ್ಯವಾಗಿವೆ.

ಪದವಿ ಮತ್ತು ನೋಂದಣಿ

ಪದವಿಯೂ ನೋಂದಣಿಯೂ ಒಂದೇ ಎಂಬ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಜಿ.ಎನ್.ಎಂ. ಡಿಪ್ಲೊಮಾ ಹಾಗೂ ಎರಡು ವರ್ಷದ ಎ.ಎನ್.ಎಂ. ತರಬೇತಿಯ ಪ್ರಮಾಣಪತ್ರಗಳು ಪರೀಕ್ಷಾ ಮಂಡಳಿಯಿಂದ ಬರುತ್ತವೆ. ಇವು ಕಲಿಕೆಯ ದಾಖಲೆಗಳಾದ್ದರಿಂದ ಇವುಗಳಿಗೆ ಅವಧಿಯಿಲ್ಲ. ಒಮ್ಮೆ ಪಡೆದರೆ ಜೀವಮಾನವಿಡೀ ಉಳಿಯುತ್ತವೆ. ನೋಂದಣಿ ಹಾಗಲ್ಲ. ಅದು ರೋಗಿಯ ಮೈಮುಟ್ಟಿ ಸೇವೆ ಮಾಡಲು ಕಾನೂನು ಕೊಡುವ ಅನುಮತಿ. ಅದರ ಮೇಲೆ ಒಂದು ತಾರೀಖು ಇರುತ್ತದೆ. ಆ ತಾರೀಖು ದಾಟಿದ ಮಾತ್ರಕ್ಕೆ ಕಲಿತದ್ದು ಅಳಿಸಿಹೋಗುವುದಿಲ್ಲ, ಆದರೆ ವೃತ್ತಿ ನಡೆಸುವ ಅಧಿಕಾರ ಪ್ರಶ್ನಾರ್ಹವಾಗುತ್ತದೆ.

ನೋಂದಣಿಯು ನೌಕರಿಯ ಆದೇಶವೂ ಅಲ್ಲ. ಸಂವಿಧಾನದ 371ಜೆ ವಿಧಿಯಡಿ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯಿದೆ. ಆದರೆ ಶುಶ್ರೂಷಾಧಿಕಾರಿ ಹುದ್ದೆಯ ಅಧಿಸೂಚನೆಗಳು ಸ್ಥಳೀಯತೆಯ ಪ್ರಮಾಣಪತ್ರದ ಜೊತೆಗೆ ಊರ್ಜಿತ ನೋಂದಣಿಯನ್ನೂ ಸಾಮಾನ್ಯವಾಗಿ ಕೇಳುತ್ತವೆ. ಮೊದಲನೆಯದು ಕೈಯಲ್ಲಿದ್ದೂ ಎರಡನೆಯದರ ಅವಧಿ ಮುಗಿದಿರುವುದು ಅರ್ಜಿ ತುಂಬುವ ಕೊನೆಯ ವಾರದಲ್ಲಿ ಗೊತ್ತಾದರೆ, ಆಗ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಹಿನ್ನೆಲೆ

ನರ್ಸುಗಳ ಹೆಸರನ್ನು ಕಾನೂನಿನ ವಹಿಯಲ್ಲಿ ಬರೆಯಬೇಕೆಂಬ ಸ್ವತಂತ್ರ ಶಾಸನವನ್ನು ಮೊದಲು ಮಾಡಿದ ದೇಶ ನ್ಯೂಜಿಲೆಂಡ್ (1901). ಇಂಗ್ಲೆಂಡಿನಲ್ಲಿ ಇದಕ್ಕಾಗಿ ದಶಕಗಳ ಜಗಳವೇ ನಡೆಯಿತು. ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್ ನೋಂದಣಿಯ ಪರವಾಗಿ ಹೋರಾಡಿದರೆ, ಸ್ವತಃ ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ವಿರೋಧಿಸಿದ್ದರು. ಒಳ್ಳೆಯ ನರ್ಸಿನ ಗುಣವನ್ನು ಪರೀಕ್ಷೆಯಿಂದಾಗಲಿ ಪಟ್ಟಿಯಿಂದಾಗಲಿ ಅಳೆಯಲಾಗದು ಎಂಬುದು ಅವರ ನಿಲುವು. ಕಡೆಗೆ 1919ರಲ್ಲಿ ಅಲ್ಲಿ ಕಾಯಿದೆ ಬಂತು.

ಭಾರತದಲ್ಲಿ ಪ್ರಾಂತಗಳು ಒಂದೊಂದಾಗಿ ಈ ಹಾದಿ ಹಿಡಿದವು. ಮದರಾಸಿನಲ್ಲಿ 1926ರಲ್ಲಿ, ಮುಂಬಯಿ ಪ್ರಾಂತದಲ್ಲಿ 1935ರಲ್ಲಿ ನೋಂದಣಿ ಕಾಯಿದೆಗಳಾದವು. ಇಂದಿನ ಕೊಪ್ಪಳ ಜಿಲ್ಲೆಯ ತಾಲೂಕುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಗಂಗಾವತಿಯಿಂದ ತುಂಗಭದ್ರೆ ದಾಟಿದರೆ ಮದರಾಸಿನ ಕಾನೂನು, ಯಲಬುರ್ಗಾದಿಂದ ಪಡುವಣಕ್ಕೆ ಗದಗಿನ ಕಡೆ ನಡೆದರೆ ಮುಂಬಯಿಯ ಕಾನೂನು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಭಾಗಗಳೆಲ್ಲ ಮೈಸೂರು ರಾಜ್ಯದಲ್ಲಿ ಒಂದಾದ ಮೇಲೆ, ಇಡೀ ರಾಜ್ಯಕ್ಕೆ ಅನ್ವಯಿಸುವ ದಾದಿಯರು, ಸೂತಿ ಶುಶ್ರೂಷಕಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ 1961ರಲ್ಲಿ ರೂಪುಗೊಂಡಿತು. ರಾಜ್ಯದ ನೋಂದಣಿ ವಹಿಗೆ ಆಧಾರವಾದದ್ದು ಈ ಕಾಯಿದೆ. ಕೇಂದ್ರದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ 1947ರಲ್ಲೇ ಬಂದಿತ್ತು.

ಕಾನೂನು ಬಂದರೂ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಬಹುಕಾಲ ಸೂಲಗಿತ್ತಿಯರೇ. ಅವರ ಹೆಸರು ಈ ವಹಿಯಲ್ಲಿ ಬರುವಂತಿರಲಿಲ್ಲ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರ ವಿದ್ಯೆ ಯಾವ ಶಾಲೆಯದೂ ಆಗಿರಲಿಲ್ಲ. ನೋಂದಣಿಯು ಕೌಶಲವನ್ನು ಸೃಷ್ಟಿಸುವುದಿಲ್ಲ. ನಿರ್ದಿಷ್ಟ ತರಬೇತಿ ಪಡೆದವರು ಯಾರು, ತಪ್ಪಾದರೆ ಉತ್ತರಿಸಬೇಕಾದವರು ಯಾರು ಎಂಬುದನ್ನು ಮಾತ್ರ ಗೊತ್ತುಮಾಡುತ್ತದೆ.

ನವೀಕರಣ ಏಕೆ

ಹೆಸರನ್ನು ಒಮ್ಮೆ ಬರೆದು ಬಿಟ್ಟರೆ ಸಾಲದೇ? ಸಾಲದು. ಹಳೆಯ ಪದ್ಧತಿಯಲ್ಲಿ ವಹಿಗೆ ಹೆಸರುಗಳು ಸೇರುತ್ತಿದ್ದವು, ಹೊರಹೋಗುತ್ತಿದ್ದುದು ಅಪರೂಪ. ತೀರಿಕೊಂಡವರು, ನಿವೃತ್ತರು, ಮದುವೆಯ ನಂತರ ವೃತ್ತಿ ಬಿಟ್ಟವರು, ಗಲ್ಫ್ ದೇಶಗಳಿಗೆ ಹೋಗಿ ನೆಲೆಸಿದವರು ಎಲ್ಲರೂ ಅದರಲ್ಲಿ ಹಾಗೆಯೇ ಉಳಿಯುತ್ತಿದ್ದರು. ಒಬ್ಬರೇ ಎರಡು ರಾಜ್ಯಗಳಲ್ಲಿ ದಾಖಲಾಗಿದ್ದರೆ ಎಣಿಕೆಯಲ್ಲಿ ಇಬ್ಬರಾಗುತ್ತಿದ್ದರು. ಹೀಗಾಗಿ ಕಾಗದದ ಮೇಲಿನ ಸಂಖ್ಯೆಗೂ ರಾತ್ರಿ ಪಾಳಿಯಲ್ಲಿ ವಾರ್ಡಿನಲ್ಲಿ ನಿಂತಿರುವವರ ಸಂಖ್ಯೆಗೂ ತಾಳೆಯಾಗುತ್ತಿರಲಿಲ್ಲ. ಯಾವ ಜಿಲ್ಲೆಗೆ ಎಷ್ಟು ನರ್ಸುಗಳು ಬೇಕೆಂದು ಲೆಕ್ಕ ಹಾಕುವವರಿಗೆ ಇದೇ ಮೊದಲ ಅಡ್ಡಿ.

ಈ ಕೊರತೆ ನೀಗಲು ಭಾರತೀಯ ಶುಶ್ರೂಷಾ ಪರಿಷತ್ತು ಆಧಾರ್ ಜೋಡಣೆಯಿರುವ, ಗಣಕೀಕೃತ ನೋಂದಣಿ ಮತ್ತು ಜಾಡು ವ್ಯವಸ್ಥೆಯನ್ನು ರೂಪಿಸಿತು. ಎನ್.ಆರ್.ಟಿ.ಎಸ್. ಎಂದು ಕರೆಯುವ ಇದರಲ್ಲಿ ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ ದೊರೆಯುತ್ತದೆ. ನವೀಕರಣವಾದಂತೆಲ್ಲ ವಹಿ ಪರಿಷ್ಕಾರಗೊಳ್ಳುವುದರಿಂದ ಇದಕ್ಕೆ 'ಲೈವ್ ರಿಜಿಸ್ಟರ್' ಎಂಬ ಹೆಸರು.

ನಿರಂತರ ಶಿಕ್ಷಣದ ಗಂಟೆಗಳು

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾರ್ಗಸೂಚಿಯಂತೆ, ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶುಶ್ರೂಷಾ ಶಿಕ್ಷಣ ಪಡೆದಿರಬೇಕು. ಅಂದರೆ ವರ್ಷಕ್ಕೆ 30 ಗಂಟೆ. ಸಿ.ಎನ್.ಇ. ಎಂದು ಪ್ರಸಿದ್ಧವಾದ ಇದು ಕಾರ್ಯಾಗಾರ, ವಿಚಾರ ಸಂಕಿರಣ, ಸಮ್ಮೇಳನಗಳ ರೂಪದಲ್ಲಿ ನಡೆಯುತ್ತದೆ. ಕಾರ್ಯಕ್ರಮಕ್ಕೆ ರಾಜ್ಯ ಪರಿಷತ್ತಿನ ಮಾನ್ಯತೆಯಿದ್ದು, ಪ್ರಮಾಣಪತ್ರದಲ್ಲಿ ಗಂಟೆಗಳು ನಮೂದಾಗಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಈ ಗಂಟೆಗಳನ್ನು ಬರಿಯ ಕಾಗದದ ಕೆಲಸವೆಂದು ಹಗುರವಾಗಿ ಕಾಣುವುದುಂಟು. ಆದರೆ ಎರಡು ದಶಕಗಳ ಹಿಂದೆ ಕಲಿತವರ ಪಾಠದಲ್ಲಿದ್ದ ಎಷ್ಟೋ ಸಂಗತಿಗಳು ಇಂದು ಬದಲಾಗಿವೆ. ಹೃದಯ ಸ್ತಂಭಿಸಿದವರಿಗೆ ಮೊದಲು ಶ್ವಾಸನಾಳ, ಆಮೇಲೆ ಉಸಿರು, ಕಡೆಗೆ ಎದೆಯೊತ್ತು ಎಂಬುದು ಹಿಂದಿನ ಕ್ರಮ. 2010ರ ಅಮೆರಿಕದ ಹೃದಯ ಸಂಘದ ಮಾರ್ಗಸೂಚಿಯ ನಂತರ ವಯಸ್ಕರಲ್ಲಿ ಎದೆಯೊತ್ತುವುದೇ ಮೊದಲಾಯಿತು. ಕೂಸು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುವುದು ಒಂದು ಕಾಲದ ರೂಢಿ. ಈಗ ಕನಿಷ್ಠ ಒಂದು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಒಂದು ನಿಮಿಷದಲ್ಲಿ ಮಾಸಿನಿಂದ ಹರಿದು ಬರುವ ರಕ್ತವು ಕೂಸಿನ ಕಬ್ಬಿಣಾಂಶವನ್ನು ಹೆಚ್ಚಿಸುತ್ತದೆ. ಹೆರಿಗೆಗೆ ಬಂದ ಪ್ರತಿಯೊಬ್ಬರಿಗೂ ಎನಿಮಾ ಕೊಡುವ ಪದ್ಧತಿಯನ್ನೂ ಅದೇ ಸಂಸ್ಥೆ ಬೇಡವೆಂದಿದೆ. ರಕ್ತಹೀನತೆ ಸಾಮಾನ್ಯವಾಗಿರುವ ಒಣಭೂಮಿಯ ಹಳ್ಳಿಗಳಲ್ಲಿ ಆ ಒಂದು ನಿಮಿಷದ ತಿಳಿವಳಿಕೆ ಸಣ್ಣದಲ್ಲ.

ಅಡಚಣೆ ಇರುವುದು ಬೇರೆಡೆ. ದೊಡ್ಡ ಆಸ್ಪತ್ರೆ, ನರ್ಸಿಂಗ್ ಕಾಲೇಜುಗಳಿರುವ ಊರುಗಳಲ್ಲಿ ಇಂತಹ ಕಾರ್ಯಾಗಾರಗಳು ಕೈಗೆಟಕುತ್ತವೆ. ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದರಿಂದ ಜಿಲ್ಲಾ ಕೇಂದ್ರದಲ್ಲಿರುವವರಿಗೆ ಕೊಂಚ ಅನುಕೂಲ. ಕುಷ್ಟಗಿ ಅಥವಾ ಯಲಬುರ್ಗಾದ ಒಳಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ಇರುವ ಎ.ಎನ್.ಎಂ. ಒಂದು ದಿನ ಊರು ಬಿಟ್ಟರೆ ಅಂದಿನ ಲಸಿಕೆಯ ಕೆಲಸ ನಿಲ್ಲುತ್ತದೆ. ಕಲಿಕೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಕಲಿಕೆಯ ದಾರಿ ದೂರವಾಗಿರುವುದು ಈ ನಿಯಮದ ದೊಡ್ಡ ಕೊರತೆ. ಇಲಾಖೆಯೇ ನಡೆಸುವ ಸೇವಾನಿರತ ತರಬೇತಿಗಳ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು, ಅವು ಲೆಕ್ಕಕ್ಕೆ ಬರುತ್ತವೆಯೇ ಎಂದು ಪರಿಷತ್ತಿನಿಂದಲೇ ತಿಳಿದುಕೊಳ್ಳುವುದು ಲೇಸು.

ಅರ್ಜಿ ಮತ್ತು ಹೆಸರಿನ ತೊಡಕು

ಅರ್ಜಿ, ಶುಲ್ಕ ಪಾವತಿ, ದಾಖಲೆಗಳ ಸಲ್ಲಿಕೆ ಈಗ ಅಂತರ್ಜಾಲದ ಮೂಲಕ ನಡೆಯುತ್ತವೆ. ಹಿಂದಿನ ನೋಂದಣಿ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶುಶ್ರೂಷಾ ವಿದ್ಯಾರ್ಹತೆಯ ದಾಖಲೆ, ಆಧಾರ್, ಭಾವಚಿತ್ರ ಮತ್ತು ಸಿ.ಎನ್.ಇ. ಪ್ರಮಾಣಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಶುಲ್ಕ ಮತ್ತು ವಿಳಂಬದ ದಂಡ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿಯ ದಿನವೇ ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಕೊಪ್ಪಳದಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್ ದೂರ. ಒಂದು ದಾಖಲೆ ತಪ್ಪಿದರೆ ರಾತ್ರಿ ಬಸ್ಸು ಹತ್ತುವ ಪಾಡು ಬಂದೀತು.

ಅರ್ಜಿಗಳು ನಿಲ್ಲುವುದಕ್ಕೆ ದೊಡ್ಡ ಕಾರಣ ಹೆಸರಿನ ವ್ಯತ್ಯಾಸ. ಉತ್ತರ ಕರ್ನಾಟಕದಲ್ಲಿ ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವೂ ಇರುವುದುಂಟು. ಕೆಲವೆಡೆ ಬರಿಯ ಇನಿಷಿಯಲ್ ಇರುತ್ತದೆ. ಮದುವೆಯಾದ ಮೇಲೆ ಆಧಾರಿನಲ್ಲಿ ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು ಬಂದು ಕೂರುತ್ತದೆ. ಮನುಷ್ಯರ ಕಣ್ಣಿಗೆ ಒಬ್ಬಳೇ ಆದವಳು ಗಣಕಯಂತ್ರಕ್ಕೆ ಇಬ್ಬರಾಗುತ್ತಾಳೆ. ವಿದ್ಯಾರ್ಹತೆಯ ದಾಖಲೆಗಳಲ್ಲಿರುವ ಹೆಸರಿಗೆ ಆಧಾರಿನ ಹೆಸರು ಹೊಂದುವಂತೆ ಮೊದಲೇ ತಿದ್ದಿಸಿಕೊಂಡರೆ ಮುಂದೆ ತೊಂದರೆಯಿರದು.

ಇನ್ನೊಂದು ಎಚ್ಚರಿಕೆ. ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಯವರು ತಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ಹಾಕಿಬಿಡುವುದುಂಟು. ಐದು ವರ್ಷದ ನಂತರ ಓಟಿಪಿ ಬರುವುದು ಆ ಅಂಗಡಿಯವರ ಫೋನಿಗೆ. ಅಂಗಡಿ ಅಷ್ಟು ಹೊತ್ತಿಗೆ ಮುಚ್ಚಿರಲೂಬಹುದು.

ಬೇರೆ ರಾಜ್ಯ, ಬೇರೆ ದೇಶ

ಗಂಗಾವತಿ, ಕಾರಟಗಿ ಭಾಗದ ಕ್ಯಾಂಪುಗಳ ತೆಲುಗು ಕುಟುಂಬಗಳ ಮಕ್ಕಳು ಆಂಧ್ರ, ತೆಲಂಗಾಣಗಳಲ್ಲಿ ಓದಿ ಬರುವುದುಂಟು. ಅಂಥವರ ಮೊದಲ ನೋಂದಣಿ ಆ ರಾಜ್ಯದಲ್ಲಿದ್ದರೆ, ಇಲ್ಲಿ ಕೆಲಸ ಮಾಡಲು ಪರಸ್ಪರ ನೋಂದಣಿ ಮಾಡಿಸಬೇಕಾಗುತ್ತದೆ. ಬರಿಯ ನವೀಕರಣ ಸಾಲದು. ವಿದೇಶಕ್ಕೆ ಹೋಗುವವರ ದಾಖಲೆಗಳನ್ನು ಅಲ್ಲಿನ ಸಂಸ್ಥೆಗಳು ಮೂಲ ಪರಿಷತ್ತಿನಿಂದ ದೃಢಪಡಿಸಿಕೊಳ್ಳುತ್ತವೆ, ಆಗ ಅವಧಿ ಮುಗಿದ ನೋಂದಣಿ ಅಡ್ಡಿಯಾಗುತ್ತದೆ. ಬ್ರಿಟನ್ನಿನಲ್ಲಿ ನವೀಕರಣ ಮೂರು ವರ್ಷಕ್ಕೊಮ್ಮೆ. 2016ರಿಂದ ಅಲ್ಲಿ 35 ಗಂಟೆಗಳ ಕಲಿಕೆಯ ಜೊತೆಗೆ 450 ಗಂಟೆಗಳ ವೃತ್ತಿ ನಿರ್ವಹಣೆಯನ್ನೂ ತೋರಿಸಬೇಕು.

2023ರ ಕಾಯಿದೆ

ರಾಷ್ಟ್ರೀಯ ಶುಶ್ರೂಷಾ ಮತ್ತು ಸೂತಿಶುಶ್ರೂಷಾ ಆಯೋಗದ ಕಾಯಿದೆಗೆ 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 1947ರ ಕಾಯಿದೆಯನ್ನು ರದ್ದುಪಡಿಸಿ, 29 ಸದಸ್ಯರ ರಾಷ್ಟ್ರೀಯ ಆಯೋಗವನ್ನೂ ರಾಜ್ಯ ಆಯೋಗಗಳನ್ನೂ ರಚಿಸುವುದು ಇದರ ಉದ್ದೇಶ. ರಾಷ್ಟ್ರೀಯ ಅಥವಾ ರಾಜ್ಯ ವಹಿಯಲ್ಲಿ ಹೆಸರಿಲ್ಲದೆ ಶುಶ್ರೂಷಾ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ಈ ಕಾಯಿದೆ ವಿಧಿಸುತ್ತದೆ.