ಅಂಗಳದ ಅಲಂಕಾರವೂ ಮನೆಯ ಆರೋಗ್ಯವೂ

ಅಮೃತಮಹಲ್ ರಾಸುಗಳ ತಳಿ ಸಂವರ್ಧನೆಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಕೊಟ್ಟಿಗೆಯ ಬದಿಗೊಂದು ಕಲ್ಲುಬಾನಿ, ಅಡುಗೆಮನೆಯಲ್ಲೊಂದು ಒರಳುಕಲ್ಲು ಇರುವುದು ನಮ್ಮ ಹಿರಿಯರ ಕಾಲದ ವಾಡಿಕೆ. ಇಂದು ಹಲವು ಮನೆಗಳಲ್ಲಿ ಕೊಟ್ಟಿಗೆ ಬರಿದಾಗಿದೆ, ರುಬ್ಬುವ ಕೆಲಸ ಯಂತ್ರದ ಪಾಲಾಗಿದೆ. ಆದರೆ ಹಿರಿಯರ ನೆನಪಿನ ಆ ಕಲ್ಲುಗಳನ್ನು ಬಿಸುಡಲು ಮನಸ್ಸೊಪ್ಪದೆ, ಹೊಸ ಮನೆಯ ಮುಂದಣ ಹುಲ್ಲುಹಾಸಿನ ಮೇಲೆ ಅಲಂಕಾರಕ್ಕೆಂದು ಇರಿಸುವವರಿದ್ದಾರೆ. ಬಾನಿಗೆ ನೀರು ತುಂಬಿ ಹೂವಿನ ಎಸಳು ತೇಲಿಬಿಡುವುದೂ ಉಂಟು. ಜೊತೆಗೆ ಸಿಮೆಂಟಿನ ಕೊಕ್ಕರೆ, ಕಮಲದಾಕಾರದ ತೊಟ್ಟಿ, ಬಣ್ಣ ಬಳಿದ ಹಳೆಯ ಟೈರಿನ ಹೂಕುಂಡಗಳೂ ಬಂದು ಸೇರುತ್ತವೆ.

ಈ ಸೌಂದರ್ಯಾಸಕ್ತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಮನೆಯ ಅಂಗಳ ಚೆಲುವಾಗಿದ್ದರೆ ಮನಸ್ಸಿಗೂ ಹಿತ. ಆದರೆ ಒಂದು ಸೂಕ್ಷ್ಮವನ್ನು ಭಕ್ತಾದಿಗಳು ಗಮನಿಸಬೇಕು. ಕೊಟ್ಟಿಗೆಯಲ್ಲಿದ್ದಾಗ ಬಾನಿಯ ಕಲಗಚ್ಚನ್ನು ದನಗಳು ದಿನವೂ ಕುಡಿದು ಬರಿದುಮಾಡುತ್ತಿದ್ದವು. ರುಬ್ಬಿದ ಮೇಲೆ ಒರಳನ್ನು ಮನೆಯ ತಾಯಂದಿರು ತೊಳೆದೇ ಏಳುತ್ತಿದ್ದರು. ಬಳಕೆಯಲ್ಲಿರುವ ತನಕ ಆ ಕಲ್ಲುಗಳಲ್ಲಿ ನೀರು ಹಳತಾಗಲು ಅವಕಾಶವೇ ಇರಲಿಲ್ಲ. ಅಲಂಕಾರದ ವಸ್ತುವಾದ ಬಳಿಕ ಅದರ ಕಾಯಕ ನಿಂತಿತು. ಬರಿದುಮಾಡುವವರಿಲ್ಲ, ತೊಳೆಯುವವರಿಲ್ಲ. ಮುಂಗಾರಿನ ಮಳೆ ಸುರಿದರೆ ಗುಳಿಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಡೆಂಗಿ ಜ್ವರದ ಸೊಳ್ಳೆ ಹುಟ್ಟುತ್ತದೆ.

ಡೆಂಗಿ ಮತ್ತು ಚಿಕುನ್‌ಗುನ್ಯ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಯ ಕಾಲುಗಳ ಮೇಲೆ ಬಿಳಿಯ ಪಟ್ಟೆಗಳಿರುತ್ತವೆ. ಇದು ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸೂರ್ಯಾಸ್ತಕ್ಕೆ ಮುನ್ನ. ಮಕ್ಕಳು ಅಂಗಳದಲ್ಲಿ ಆಡುವ ಹೊತ್ತೂ ಅದೇ. ಕೊಳಚೆ ಚರಂಡಿಗಿಂತ ಮನೆಯ ಸುತ್ತ ನಿಂತ ತಿಳಿನೀರೇ ಅದಕ್ಕೆ ಪ್ರಿಯ. ಮೊಟ್ಟೆಯು ಬೆಳೆದು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅದು ಬಹುದೂರ ಹಾರುವುದೂ ಇಲ್ಲ. ಆದುದರಿಂದ ನಮ್ಮನ್ನು ಕಚ್ಚುವ ಸೊಳ್ಳೆ ನಮ್ಮ ಅಂಗಳದ್ದೋ ನೆರೆಮನೆಯದ್ದೋ ಆಗಿರುವ ಸಂಭವವೇ ಅಧಿಕ.

ಇನ್ನೊಂದು ಮಾತು. ಈ ಸೊಳ್ಳೆಯು ಮೊಟ್ಟೆಯಿಡುವುದು ನೀರಂಚಿನ ಒದ್ದೆಗೋಡೆಗೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಯ ನೀರು ತಾಗಿದೊಡನೆ ಒಡೆಯುತ್ತವೆ. ಆದ್ದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು. ಒಳಮೈಯನ್ನು ತೆಂಗಿನ ನಾರಿನಿಂದ ಗಸಗಸನೆ ಉಜ್ಜಿ ತೊಳೆಯಬೇಕು.

ಹಾಗಾದರೆ ಅಂಗಳಕ್ಕೆ ಎಂತಹ ಅಲಂಕಾರವನ್ನು ಆರಿಸಿಕೊಳ್ಳಬೇಕು? ಕೊಳ್ಳುವ ಮುನ್ನ ವಸ್ತುವಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡುವುದು ಸುಲಭದ ಪರೀಕ್ಷೆ. ನೀರೆಲ್ಲ ಹರಿದುಹೋದರೆ ಅದು ಯೋಗ್ಯ. ಗೊಂಬೆಯ ಅಂಗೈಯಲ್ಲೋ ಕೊಕ್ಕರೆಯ ರೆಕ್ಕೆಯ ಸಂದಿಯಲ್ಲೋ ನಿಂತರೆ ಬೇಡ. ಮನೆಯಲ್ಲೇ ಇರುವ ಒರಳುಕಲ್ಲನ್ನು ಬಿಡಬೇಕಿಲ್ಲ. ಅದರ ಗುಳಿಗೆ ಮರಳು ತುಂಬಿ ನಡುವೆ ಚೆಂದದ ಕಲ್ಲೊಂದನ್ನಿಡಬಹುದು, ಇಲ್ಲವೇ ಬೋರಲು ಹಾಕಿ ಕುಳಿತುಕೊಳ್ಳುವ ಪೀಠವಾಗಿಸಬಹುದು. ಬಾನಿಯ ತಳಕ್ಕೆ ರಂಧ್ರ ಕೊರೆಸಿ ಮಣ್ಣು ತುಂಬಿದರೆ ತುಳಸಿಗೋ ದವನಕ್ಕೋ ಒಳ್ಳೆಯ ಮಡಿಲಾಗುತ್ತದೆ. ಟೈರಿನ ಕುಂಡದ ಒಳಮಡಿಕೆಯಲ್ಲಿ ನೀರು ಅಡಗಿ ಕೂರುವುದರಿಂದ ಅದಕ್ಕೆ ಕೆಳಗಡೆ ಹಲವು ತೂತುಗಳಿರಲೇಬೇಕು. ಕುಂಡದ ಅಡಿಯ ತಟ್ಟೆಗೂ, ಬೇಲಿಗೆ ನೆಟ್ಟ ಬಿದಿರಿನ ತುದಿಯ ಟೊಳ್ಳಿಗೂ ಮರಳು ತುಂಬಬೇಕು.

ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು ಪುಣ್ಯದ ಕಾರ್ಯ. ಅದನ್ನು ಯಾರೂ ನಿಲ್ಲಿಸದಿರಲಿ. ಆಳವಿಲ್ಲದ ಮಣ್ಣಿನ ತಟ್ಟೆಯನ್ನು ಆರಿಸಿ, ನಿತ್ಯವೂ ನೀರು ಬದಲಿಸಿ, ತಟ್ಟೆಯನ್ನು ಉಜ್ಜಿದರೆ ಹಕ್ಕಿಗೂ ಕ್ಷೇಮ, ಮನೆಗೂ ಕ್ಷೇಮ. ತಾವರೆಕೊಳ ಬೇಕೆಂಬವರು ಅದರಲ್ಲಿ ಸೊಳ್ಳೆಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಸಾಕಬೇಕು. ಅವುಗಳನ್ನು ಊರ ಕೆರೆಗೆ ಬಿಡಬಾರದು. ಬಣ್ಣದ ಗೊಂಬೆಗಳನ್ನು ಕೊಳ್ಳುವಾಗ ಬಣ್ಣದ ವಿಷಯವನ್ನೂ ವಿಚಾರಿಸುವುದು ಲೇಸು. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಚಕ್ಕೆ ಏಳುತ್ತಿರುವ ಹಳೆಯ ಬಣ್ಣದ ವಸ್ತುಗಳು ಚಿಕ್ಕ ಮಕ್ಕಳ ಕೈಗೆ ಎಟುಕಬಾರದು.

ಡೆಂಗಿಯನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ಸರ್ಕಾರವು 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಗಳಿಗೆ ನಗರಗಳಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡ ವಿಧಿಸಿತು. ದಂಡದ ಹಣ ಅಲ್ಪ. ಜ್ವರಕ್ಕೆ ತೆರಬೇಕಾದ ಬೆಲೆ ಒಮ್ಮೊಮ್ಮೆ ಪ್ರಾಣವೇ ಆದೀತು. ಈ ವೈರಾಣುವನ್ನು ನೇರವಾಗಿ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ತೀವ್ರ ಜ್ವರ, ಕಣ್ಣಿನ ಹಿಂಬದಿಯ ನೋವು, ಮೈಕೈ ನೋವು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ತಾವಾಗಿಯೇ ಆಸ್ಪಿರಿನ್, ಐಬುಪ್ರೊಫೇನ್ ಗುಳಿಗೆಗಳನ್ನು ನುಂಗಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರ ಇಳಿದೊಡನೆ ಗಂಡಾಂತರ ಕಳೆಯಿತೆಂದು ಭಾವಿಸಬಾರದು. ಆಗಲೇ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಅತಿಯಾದ ನಿತ್ರಾಣ ಕಾಣಿಸಿಕೊಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನವರ ಕಾಯಕವು ಶಿವಭಕ್ತರ ಮನೆಯ ಅಂಗಳವನ್ನು ಗುಡಿಸುವುದಾಗಿತ್ತು. ಅಂಗಳದ ಶುದ್ಧಿಯನ್ನೇ ಶಿವನ ಸೇವೆಯೆಂದು ಬಗೆದ ಪರಂಪರೆ ನಮ್ಮದು. ವಾರಕ್ಕೊಂದು ದಿನ, ಸೋಮವಾರವೇ ಆಗಲಿ, ಪೂಜೆಗೆ ಮುನ್ನ ಹತ್ತು ನಿಮಿಷ ಮನೆಮಂದಿಯೆಲ್ಲ ಅಂಗಳವನ್ನು ಸುತ್ತಿ, ನಿಂತ ನೀರನ್ನು ಚೆಲ್ಲಿ, ಪಾತ್ರೆಗಳನ್ನು ಉಜ್ಜಿಡೋಣ. ವೃದ್ಧರೇ ಇರುವ ನೆರೆಮನೆಯಿದ್ದರೆ ಅಲ್ಲಿಗೂ ಒಮ್ಮೆ ಹೋಗಿಬರೋಣ. ಅಂಗಳಕ್ಕೆ ಇದಕ್ಕಿಂತ ಮಿಗಿಲಾದ ಅಲಂಕಾರ ಬೇರಿಲ್ಲ.