ಭಾಷಣ ಮುಗಿದ ಮೇಲೆ

ಲಂಡನ್ನಿನ ಬ್ಲ್ಯಾಂಡ್‌ಫರ್ಡ್ ಬೀದಿಯಲ್ಲಿ ಜಾರ್ಜ್ ರೀಬೋ ಎಂಬಾತನ ಪುಸ್ತಕದ ಅಂಗಡಿ ಇತ್ತು. ಮಾರಾಟವೂ ಅಲ್ಲೇ, ಬೈಂಡಿಂಗ್ ಕೆಲಸವೂ ಅಲ್ಲೇ. 1805ರಲ್ಲಿ ಕಮ್ಮಾರನೊಬ್ಬನ ಮಗ ಅಲ್ಲಿಗೆ ಏಳು ವರ್ಷದ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದ. ಓದು, ಬರಹ, ಒಂದಿಷ್ಟು ಲೆಕ್ಕ ಬಿಟ್ಟರೆ ಶಾಲೆಯಿಂದ ಅವನಿಗೆ ದಕ್ಕಿದ್ದು ಏನೂ ಇರಲಿಲ್ಲ. ಹೊಲಿಗೆಗೆಂದು ಬಂದ ಪುಸ್ತಕಗಳನ್ನು ಹೊಲಿಯುವ ಮೊದಲು ಓದಿಬಿಡುವುದು ಹುಡುಗನ ಅಭ್ಯಾಸ. ಮಾಲೀಕ ಬೇಡವೆನ್ನಲಿಲ್ಲ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಎಂಬಾಕೆ ಮಾತುಕತೆಯ ಧಾಟಿಯಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕ ಎರಡೂ ಅವನ ಕೈಗೆ ಸಿಕ್ಕಿದ್ದು ಹೀಗೆ. ಅದೇ ಊರಿನಲ್ಲಿ ಬೆಳ್ಳಿ ಕೆಲಸದ ಜಾನ್ ಟೇಟಮ್ ತನ್ನ ಮನೆಯಲ್ಲೇ ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದ. ಕೇಳಲು ಒಂದು ಷಿಲಿಂಗ್ ಕೊಡಬೇಕು. ತಮ್ಮನ ಪರವಾಗಿ ಅದನ್ನು ಕೊಟ್ಟವನು ಅಣ್ಣ ರಾಬರ್ಟ್, ಅವನೂ ಕಮ್ಮಾರನೇ.

1812ರಲ್ಲಿ ಅಂಗಡಿಯ ಗಿರಾಕಿಯಾಗಿದ್ದ ಸಂಗೀತಗಾರ ವಿಲಿಯಂ ಡಾನ್ಸ್ ಈ ಹುಡುಗನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಟಿಕೆಟ್ ಕೊಡಿಸಿದ. ಮಾತಾಡುವವರು ಹಂಫ್ರಿ ಡೇವಿ. ಸೋಡಿಯಂ, ಪೊಟ್ಯಾಸಿಯಂಗಳನ್ನು ಬೇರ್ಪಡಿಸಿ ತೋರಿಸಿದ್ದ ಡೇವಿ ಆಗ ಲಂಡನ್ನಿನಲ್ಲಿ ಮನೆಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ಉಪನ್ಯಾಸಗಳನ್ನು ಹುಡುಗ ಗ್ಯಾಲರಿಯಲ್ಲಿ ಗಡಿಯಾರದ ಮೇಲ್ಭಾಗದಲ್ಲಿ ಕೂತು ಕೇಳಿದ. ಟಿಪ್ಪಣಿ ಮಾಡಿಕೊಂಡ, ಮನೆಗೆ ಬಂದು ಅದನ್ನೆಲ್ಲ ಶುದ್ಧವಾಗಿ ಬರೆದ, ಉಪಕರಣಗಳ ಚಿತ್ರ ಬಿಡಿಸಿದ, ಕೊನೆಗೆ ತಾನೇ ಬೈಂಡ್ ಮಾಡಿದ. ಹುಡುಗನ ಹೆಸರು ಮೈಕೆಲ್ ಫ್ಯಾರಡೆ.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ, ನೋಡಿ, ಒಂದು ಭಾಷಣ ಒಬ್ಬ ಹುಡುಗನನ್ನು ವಿಜ್ಞಾನಿ ಮಾಡಿತು ಎಂದು ಹೇಳುವವರೇ ಹೆಚ್ಚು. ಅದು ನಿಜವಲ್ಲ. ಉಪನ್ಯಾಸ ಕೇಳಿದ ಮೇಲೂ ಫ್ಯಾರಡೆ ಬೈಂಡರ್ ಆಗಿಯೇ ಇದ್ದ. ಎಂಥ ಚಿಲ್ಲರೆ ಕೆಲಸವಾದರೂ ಸರಿ, ವಿಜ್ಞಾನದ ಹತ್ತಿರ ಇರುವಂಥದ್ದು ಕೊಡಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕಾಗದ ಬರೆದ. ಬಾಗಿಲಿಗೆ ಹೋಗಿ ವಿಚಾರಿಸಿದರೆ, ಉತ್ತರ ಇಲ್ಲ ಎಂಬ ಮಾತು ಸಿಕ್ಕಿತು. ಆ ವರ್ಷದ ಡಿಸೆಂಬರಿನಲ್ಲಿ ತಾನು ಬೈಂಡ್ ಮಾಡಿದ ಟಿಪ್ಪಣಿ ಪುಸ್ತಕವನ್ನು ಒಂದು ಕಾಗದದ ಜೊತೆ ಡೇವಿಯವರಿಗೇ ಕಳಿಸಿದ. ಡೇವಿ ಕೆಲವೇ ದಿನಗಳಲ್ಲಿ ಉತ್ತರ ಬರೆದರು. ಜನವರಿಯಲ್ಲಿ ಭೇಟಿಗೆ ಕರೆದು, ಈಗ ಕೆಲಸ ಖಾಲಿ ಇಲ್ಲ, ಬೈಂಡಿಂಗ್ ಬಿಡಬೇಡ ಎಂದು ಬುದ್ಧಿ ಹೇಳಿ ಕಳಿಸಿದರು. ಸ್ವಲ್ಪ ದಿನಕ್ಕೆ ಪ್ರಯೋಗಶಾಲೆಯ ಸಹಾಯಕನೊಬ್ಬ ಜಗಳ ಮಾಡಿಕೊಂಡು ಕೆಲಸ ಕಳೆದುಕೊಂಡಾಗ ಡೇವಿಗೆ ನೆನಪಾದದ್ದು ಈ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆಗೆ ಕೆಲಸ ಸಿಕ್ಕಿತು. ವಾರಕ್ಕೆ 25 ಷಿಲಿಂಗ್ ಸಂಬಳ, ಕಟ್ಟಡದ ಮೇಲ್ಗಡೆ ಎರಡು ಕೋಣೆ, ಉರಿಸಲು ಕಲ್ಲಿದ್ದಲು, ಮೋಂಬತ್ತಿ. 1831ರಲ್ಲಿ ಅದೇ ಕಟ್ಟಡದಲ್ಲಿ ಅವರು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದರು. ಇಂದು ನಮ್ಮ ಊರುಗಳ ಟ್ರಾನ್ಸ್‌ಫಾರ್ಮರುಗಳೆಲ್ಲ ನಡೆಯುವುದು ಆ ತತ್ವದ ಮೇಲೆ.

ಡೇವಿಯವರ ನಾಲ್ಕು ಉಪನ್ಯಾಸಗಳಿಗಿಂತ ಅವರು ಬರೆದ ಆ ಒಂದು ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆ ನಾಲ್ಕು ದಿನವೂ ಸಭಾಂಗಣದಲ್ಲಿ ಬೇರೆ ಕೇಳುಗರೂ ಇದ್ದರು. ಉಳಿದವರು ಕೇಳಿ, ಮೆಚ್ಚಿ, ಮನೆಗೆ ಹೋದರು.

ತಾನು ಕೂತು ಕೇಳಿದ ಜಾಗವನ್ನು ಫ್ಯಾರಡೆ ಮರೆಯಲಿಲ್ಲ. ಕೆಲಸಕ್ಕೆ ಸೇರಿದ ವರ್ಷವೇ, ಇನ್ನೂ ವೇದಿಕೆ ಹತ್ತುವ ಮಾತೇ ಇಲ್ಲದಿದ್ದಾಗ, ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಕಾಗದಗಳಲ್ಲಿ ಒಳ್ಳೆಯ ಉಪನ್ಯಾಸ ಹೇಗಿರಬೇಕು ಎಂದು ವಿಸ್ತಾರವಾಗಿ ಚರ್ಚಿಸಿದ್ದಾರೆ. ಒಂದು ಗಂಟೆ ಮೀರಬಾರದು ಎಂಬುದು ಅವರ ಖಚಿತ ಅಭಿಪ್ರಾಯ. ಮುಂದೆ ಮಾತಿನ ಕಲೆ ಕಲಿಸುವ ಬೆಂಜಮಿನ್ ಸ್ಮಾರ್ಟ್ ಅವರಲ್ಲಿ ಪಾಠ ಹೇಳಿಸಿಕೊಂಡರು. ಮಾತು ಓಡತೊಡಗಿದರೆ ಎಚ್ಚರಿಸಲು, ‘ನಿಧಾನ’ ಎಂದು ಬರೆದ ಚೀಟಿಯನ್ನು ಎದುರಿಗೇ ಇಟ್ಟುಕೊಳ್ಳುವಂತೆ ವ್ಯವಸ್ಥೆ ಮಾಡಿಕೊಂಡಿದ್ದರು. ಸಾಧನೆ ಮಾಡಿದವನಿಗೆ ಅದನ್ನು ಮಕ್ಕಳ ಮುಂದೆ ಹೇಳುವುದು ತಾನಾಗಿ ಬರುವುದಿಲ್ಲ, ಅದನ್ನೂ ಕಲಿಯಬೇಕು ಎಂದು ಅವರು ತಿಳಿದಿದ್ದರು.

1825ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಸರಣಿ ಆರಂಭಿಸಿತು. ಶಾಲೆಗಳಲ್ಲಿ ವಿಜ್ಞಾನದ ಪಾಠವೇ ಅಪರೂಪವಾಗಿದ್ದ ಕಾಲ. ಮೊದಲ ವರ್ಷ ಮಾತಾಡಿದವರು ಜಾನ್ ಮಿಲಿಂಗ್ಟನ್. ಫ್ಯಾರಡೆ ಒಟ್ಟು 19 ಸರಣಿಗಳನ್ನು ನಡೆಸಿಕೊಟ್ಟರು. ಅವುಗಳಲ್ಲಿ ಹೆಸರಾದದ್ದು ಮೋಂಬತ್ತಿಯನ್ನು ಕುರಿತ ಆರು ಉಪನ್ಯಾಸಗಳು. ಮನೆಮನೆಯಲ್ಲೂ ಉರಿಯುತ್ತಿದ್ದ ಮೋಂಬತ್ತಿಯನ್ನು ಮೇಜಿನ ಮೇಲಿಟ್ಟು, ಬಾಗಿದ ಗಾಜಿನ ಕೊಳವೆಯ ಒಂದು ತುದಿಯನ್ನು ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಹಿಡಿಯುತ್ತಿದ್ದರು. ಮೇಣದ ಆವಿ ಕೊಳವೆಯೊಳಗೆ ಹರಿದು ಇನ್ನೊಂದು ತುದಿಯಿಂದ ಹೊರಬೀಳುತ್ತಿತ್ತು. ಅಲ್ಲಿ ಬೆಂಕಿ ತೋರಿಸಿದರೆ ಅಲ್ಲೂ ಒಂದು ಜ್ವಾಲೆ! ಉರಿಯುವುದು ಬತ್ತಿಯೂ ಅಲ್ಲ, ಗಟ್ಟಿ ಮೇಣವೂ ಅಲ್ಲ, ಆವಿ ಎಂದು ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಬೇಕಾಗಿಯೇ ಬರಲಿಲ್ಲ. ಜ್ವಾಲೆಯ ಮೇಲೆ ಮಂಜುಗಡ್ಡೆ ತುಂಬಿದ ಪಾತ್ರೆ ಹಿಡಿದು, ತಳದಲ್ಲಿ ನೀರಿನ ಹನಿ ಕಟ್ಟುವುದನ್ನು ತೋರಿಸುತ್ತಿದ್ದರು. ಮನೆಗೆ ಹೋದ ಮಗು ಇಂಥದೊಂದನ್ನು ಅದೇ ರಾತ್ರಿ ತಾನೇ ಮಾಡಿ ನೋಡಬಹುದಿತ್ತು. ಕ್ರಿಸ್‌ಮಸ್ ಸರಣಿ ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. 1966ರಿಂದ ಟಿ.ವಿ.ಯಲ್ಲೂ ಬರತೊಡಗಿತು.

ಇಷ್ಟಾದರೂ ಅದರಲ್ಲಿ ಒಂದು ದೊಡ್ಡ ಕೊರತೆ ಇತ್ತು. ಒಬ್ಬ ಮಹಿಳೆ ಈ ಸರಣಿಯನ್ನು ಮೊದಲ ಬಾರಿಗೆ ನಡೆಸಿಕೊಟ್ಟಿದ್ದು 1994ರಲ್ಲಿ. ಅವರು ನರವಿಜ್ಞಾನಿ ಸೂಸನ್ ಗ್ರೀನ್‌ಫೀಲ್ಡ್. ಅಲ್ಲಿಯವರೆಗೆ ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಆ ಗ್ಯಾಲರಿಯಲ್ಲಿ ಕೂತು ಗಂಡಸರನ್ನೇ ನೋಡಿ ಎದ್ದುಹೋಗಿರಬೇಕು! 2016ರಲ್ಲಿ ಬ್ರಿಟನ್ನಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಗ್ನಿಶಾಮಕ ಸಿಬ್ಬಂದಿ, ಶಸ್ತ್ರಚಿಕಿತ್ಸಕರು, ಯುದ್ಧವಿಮಾನದ ಪೈಲಟ್ ಇವರ ಚಿತ್ರ ಬಿಡಿಸಲು ಹೇಳಿದರು. ಒಟ್ಟು 66 ಚಿತ್ರಗಳಲ್ಲಿ 61 ಗಂಡಸರವು, ಐದು ಮಾತ್ರ ಹೆಂಗಸರವು. ಆಮೇಲೆ ಆ ಮೂರೂ ವೃತ್ತಿಯ ಮೂವರು ಮಹಿಳೆಯರು ತಮ್ಮ ಸಮವಸ್ತ್ರದಲ್ಲೇ ತರಗತಿಯೊಳಗೆ ಬಂದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದ ಆ ದೃಶ್ಯವನ್ನು ಚಿತ್ರೀಕರಿಸಿದ್ದಾರೆ. ಶಾಲೆಗೆ ಯಾರನ್ನು ಕರೆಯುತ್ತೇವೆ ಎಂಬುದೇ ಅರ್ಧ ಪಾಠ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉದ್ಯೋಗದ ಬಗ್ಗೆಯೇ ಮಕ್ಕಳಿಗೆ ಹೇಳಬೇಕು ಎಂಬ ಯೋಚನೆ ಹುಟ್ಟಿದ್ದು ಬೇರೆ ಕಡೆ, ಅಮೆರಿಕದ ಬಾಸ್ಟನ್ನಿನಲ್ಲಿ. ಫ್ರಾಂಕ್ ಪಾರ್ಸನ್ಸ್ ಎಂಜಿನಿಯರಿಂಗ್ ಓದಿದವರು. 1873ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋಗಿ, ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ ಮಾಡಿ, ಮೇಷ್ಟರಾಗಿ, ಆಮೇಲೆ ವಕೀಲಿ ಓದಿ, ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದವರು. ತನಗೆ ಯಾವ ಕೆಲಸ ಒಗ್ಗುತ್ತದೆ ಎಂದು ತಿಳಿಯದೆ ಅಲೆಯುವ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಟಲಿ, ರಷ್ಯಾಗಳಿಂದ ವಲಸೆ ಬಂದ ಬಡವರ ಕೇರಿಯಲ್ಲಿ ಮೇಯರ್ ಬ್ಲೂಮ್‌ಫೀಲ್ಡ್ ಎಂಬ ಹೆಸರಿನವರು ನಡೆಸುತ್ತಿದ್ದ ಸೇವಾಕೇಂದ್ರಕ್ಕೆ, ರಾತ್ರಿ ಹೈಸ್ಕೂಲು ಮುಗಿಸಿದ ಹುಡುಗರ ಎದುರು ಮಾತಾಡಲು ಅವರನ್ನು ಕರೆದರು. ಭಾಷಣ ಮುಗಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಬಂದು, ನಿಮ್ಮ ಹತ್ತಿರ ಬೇರೆಯಾಗಿ ಮಾತಾಡಬೇಕು ಎಂದರು. ಅವರಿಗಾಗಿ ಕೊಟ್ಟ ಸಮಯವೇ ಬೆಳೆದು 1908ರ ಜನವರಿಯಲ್ಲಿ ವೃತ್ತಿ ಮಾರ್ಗದರ್ಶನ ಕಚೇರಿಯಾಯಿತು. ಪಾರ್ಸನ್ಸ್ ಅದೇ ವರ್ಷ ತೀರಿಕೊಂಡರು. ಅವರ ಪುಸ್ತಕ ಮರುವರ್ಷ ಅಚ್ಚಾಯಿತು. ನಿನ್ನನ್ನು ನೀನು ತಿಳಿ, ಕೆಲಸವನ್ನು ತಿಳಿ, ಎರಡನ್ನೂ ತೂಗಿ ನೋಡು ಎಂಬ ಅದರ ಸೂತ್ರವನ್ನು ಜಗತ್ತಿನ ವೃತ್ತಿ ಸಲಹೆಗಾರರು ಈಗಲೂ ಬಿಟ್ಟಿಲ್ಲ.

ನಮ್ಮಲ್ಲಿ ಬಲ್ಲವರನ್ನು ಮಕ್ಕಳ ಎದುರಿಗೆ ತರುವ ಕೆಲಸವನ್ನು ಹಠ ಹಿಡಿದು ಮಾಡಿದವರು ಎಚ್ಚೆನ್, ಅಂದರೆ ಡಾ. ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಓದಬೇಕೆಂದು 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಶಾಲೆಗೆ ಗಾಂಧೀಜಿ ಬಂದರು. ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಅವಕಾಶ ಸಿಕ್ಕಿದ್ದು ಈ ಹಳ್ಳಿ ಹುಡುಗನಿಗೆ. ಖಾದಿ, ಗಾಂಧಿ ಟೋಪಿ, ಮದುವೆಯಿಲ್ಲದ ಸರಳ ಬದುಕು ಅವರ ಜೊತೆ ಕೊನೆತನಕ ಉಳಿಯಿತು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಹೊರಬಂದು ಭೌತಶಾಸ್ತ್ರದ ಓದು ಮುಗಿಸಿದರು, ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು 1960ರ ಹೊತ್ತಿಗೆ ವಾಪಸು ಬಂದರು. ಇದ್ದದ್ದು ಮಾತ್ರ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ.

ಅವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದಾಗ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ಊರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು, ರಾಮನ್ ಸಂಶೋಧನಾ ಸಂಸ್ಥೆ ಇತ್ತು, ಎಚ್‌ಎಎಲ್ ಇತ್ತು. ಆದರೆ ಬಸವನಗುಡಿಯ ಒಬ್ಬ ಪಿಯುಸಿ ಹುಡುಗನಿಗೆ ಅವುಗಳ ಕಾಂಪೌಂಡ್ ಗೋಡೆ ಕಾಣುತ್ತಿತ್ತೇ ಹೊರತು ಒಳಗಿರುವ ಮನುಷ್ಯರು ಕಾಣುತ್ತಿರಲಿಲ್ಲ. ಎಚ್ಚೆನ್ ಆ ಮನುಷ್ಯರನ್ನು ವಾರಕ್ಕೊಬ್ಬರಂತೆ ಕಾಲೇಜಿಗೆ ಕರೆತಂದರು. ಬುಧವಾರ ಸಂಜೆ ಉಪನ್ಯಾಸ, ಆಮೇಲೆ ಪ್ರಶ್ನೆ. ಪ್ರವೇಶಕ್ಕೆ ಹಣವಿಲ್ಲ. ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ, ದಾರಿಯಲ್ಲಿ ಹೋಗುವವರೂ ಬಂದು ಕೂರಬಹುದು. ವಾರದ ಉಪನ್ಯಾಸಗಳ ಜೊತೆಗೆ ಜುಲೈಯಲ್ಲಿ ವಿಜ್ಞಾನ ಉಪನ್ಯಾಸಗಳ ಹಬ್ಬವೂ ಸೇರಿಕೊಂಡಿತು. ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣ ಬಂತು, 2005ರ ಜನವರಿ 31ರಂದು ತೀರಿಕೊಂಡರು. ಅವರ ನಂತರವೂ ಉಪನ್ಯಾಸ ನಿಲ್ಲಲಿಲ್ಲ.

ಈ ಫೋರಂನ ಗುಟ್ಟು ದೊಡ್ಡ ಹೆಸರುಗಳಲ್ಲಿಲ್ಲ, ಬುಧವಾರದಲ್ಲಿದೆ. ಇವತ್ತು ಧೈರ್ಯ ಸಾಲದೆ ಕೈ ಎತ್ತದ ಹುಡುಗಿಗೆ ಮುಂದಿನ ವಾರ ಮತ್ತೆ ಅದೇ ಸಭಾಂಗಣ, ಅದೇ ಹೊತ್ತು, ಇನ್ನೊಬ್ಬ ವಿಜ್ಞಾನಿ ಇರುತ್ತಾರೆ. ಪ್ರಶ್ನೆ ಕೇಳುವ ಧೈರ್ಯ ಬರುವುದು ಮಾತಾಡುವವರನ್ನು ಮತ್ತೆ ಮತ್ತೆ ಹತ್ತಿರದಿಂದ ನೋಡಿದ ಮೇಲೆ. ತನ್ನ ಊರಿನ ಕಡೆಯ ಮಕ್ಕಳು ತನ್ನ ಹಾಗೆ ನಡೆದು ಬರಬಾರದೆಂದು ಎಚ್ಚೆನ್ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ನ್ಯಾಷನಲ್ ಕಾಲೇಜು ತೆರೆದರು ಎಂಬುದನ್ನು ಇದರ ಜೊತೆಗೇ ಇಟ್ಟು ನೋಡಬೇಕು.

ಈಗ ನಮ್ಮ ಶಾಲೆಗಳಲ್ಲಿ ಸಾಧಕರ ಭಾಷಣಕ್ಕೆ ಬರವಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಒಂದು, ವಾರ್ಷಿಕೋತ್ಸವಕ್ಕೆ ಒಂದು. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ, ಅತಿಥಿಯ ಪರಿಚಯ, ವಂದನಾರ್ಪಣೆ ಕಳೆದರೆ ಮಕ್ಕಳ ಪ್ರಶ್ನೆಗೆ ಹೊತ್ತೇ ಉಳಿಯುವುದಿಲ್ಲ. ಬಂದವರು ಕಷ್ಟಪಟ್ಟರೆ ಏನು ಬೇಕಾದರೂ ಆಗಬಹುದು ಎನ್ನುತ್ತಾರೆ. ಆದರೆ ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು, ಡಿಪ್ಲೊಮಾ ಮಾಡಿದರೆ ಮುಂದೆ ಡಿಗ್ರಿಗೆ ದಾರಿ ಇದೆಯೇ, ಹಾಸ್ಟೆಲ್ ಸಿಗುತ್ತದೆಯೇ, ನರ್ಸಿಂಗ್ ಓದಲು ಮನೆಯಲ್ಲಿ ಒಪ್ಪದಿದ್ದರೆ ಯಾರಿಂದ ಹೇಳಿಸಬೇಕು ಎಂಬುದು ಹತ್ತನೇ ತರಗತಿಯ ಹುಡುಗಿಗೆ ಬೇಕಾದ ವಿಚಾರ. ಅದನ್ನು ಅವಳು ಮೈಕಿನಲ್ಲಿ ಕೇಳುವುದಿಲ್ಲ. ಕಾರ್ಯಕ್ರಮ ಮುಗಿದು, ಕುರ್ಚಿ ಎತ್ತಿಡುವಾಗ ಹತ್ತಿರ ಬಂದು ಕೇಳುತ್ತಾಳೆ. ಅಷ್ಟೊತ್ತಿಗೆ ಅತಿಥಿ ಕಾರು ಹತ್ತಿರುತ್ತಾರೆ.

ಆದ್ದರಿಂದ ನೀವು ಯಾವುದೇ ಕೆಲಸ ಚೆನ್ನಾಗಿ ಬಲ್ಲವರಾಗಿದ್ದರೆ ನಿಮ್ಮಲ್ಲಿ ಒಂದು ಕೋರಿಕೆ. ವಿಜ್ಞಾನಿಯೇ ಆಗಬೇಕಿಲ್ಲ. ಸರ್ವೇಯರ್, ಸ್ಟಾಫ್ ನರ್ಸ್, ಲೈನ್‌ಮನ್, ಅಕೌಂಟೆಂಟ್, ಪಶುವೈದ್ಯರು, ಯಾರಾದರೂ ಸರಿ. ನೀವು ಓದಿದ ಸರ್ಕಾರಿ ಶಾಲೆಗೆ ಅಥವಾ ಮನೆಯ ಹತ್ತಿರದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಯೋಜನೆಯಲ್ಲಿ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಲು ಅವಕಾಶವಿದೆ. ನಿಮ್ಮ ಕೆಲಸದ ಉಪಕರಣ ಒಯ್ಯಿರಿ, ಮಕ್ಕಳ ಕೈಗೆ ಕೊಡಿ. ಮೊದಲ ಸಂಬಳ ಎಷ್ಟಿತ್ತು, ಯಾವ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿರಿ ಎಂಬುದನ್ನೂ ಹೇಳಿ. ಹಾರ ಬೇಡವೆನ್ನಿ. ಮಕ್ಕಳು ಬರೆದು ಕೇಳುವ ಪ್ರಶ್ನೆಗಳನ್ನು ಮೇಷ್ಟರ ಮೂಲಕ ತರಿಸಿಕೊಂಡು ಪ್ರತಿಯೊಂದಕ್ಕೂ ಉತ್ತರ ಬರೆಯಿರಿ. ಮುಂದಿನ ತಿಂಗಳು ಮತ್ತೊಮ್ಮೆ ಹೋಗಿ.